ಬಂದೆ ಅಂದರು ಬೀಗರು

ಇಷ್ಟು ವರ್ಷಗಳಲ್ಲಿ ಸೀಟಿ ಅಕ್ಕ ತನ್ನ ವ್ಯಾನಿನಲ್ಲಿ ಊರು ತೋರಿಸಲು ಕರೆದೊಯ್ದವರಲ್ಲಿ ಒಬ್ಬರನ್ನೂ ಎಲ್ಲೂ ಬಿಟ್ಟು ಬಂದವಳಲ್ಲ. ಕುಡಿದು ಮರಳಿನ ಮೇಲೆ ಮಲಗಿದವನನ್ನು ರಟ್ಟೆ ಹಿಡಿದು ಎಬ್ಬಿಸಿ ತಂದಿದ್ದಾಳೆ. ಗಂಡನ ಮೇಲೆ ಮುನಿಸಿಕೊಂಡು ಬೇರೆ ಬಸ್ಸು ಹತ್ತಿ ಕೂತಿದ್ದ ಹೊಸ ಮದುಮಗಳನ್ನು ಪುಸಲಾಯಿಸಿ ಇಳಿಸಿಕೊಂಡಿದ್ದಾಳೆ. ಅಂಥವಳು ಬಿಟ್ಟು ಬಂದದ್ದು ಒಬ್ಬರನ್ನೇ. ಅವರು ಅವಳ ಬೀಗರು, ಅಂದರೆ ಇದ್ದೊಬ್ಬ ಮಗಳ ಮಾವ. ಬಿಟ್ಟು ಬಂದ ಜಾಗ, ಉಬ್ಬರ ಏರಿದರೆ ನೀರಿನೊಳಗೆ ಹೋಗುವ ಬಂಡೆ.

ಸೀಟಿ ಅಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ ಸದಾ ತೂಗುತ್ತಿರುತ್ತದೆ, ಅದಕ್ಕೇ ಆ ಹೆಸರು. ಗಂಡ ಒಂದು ಲಾಡ್ಜಿನಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದ. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಜ್ವರ ಬಂದು ತೀರಿಕೊಂಡ. ಅವಳು ಕಣ್ಣೊರೆಸಿಕೊಂಡು ಬಸ್ ನಿಲ್ದಾಣದ ಪಕ್ಕ ಬಟ್ಟೆ ಹಾಸಿ ಕಪ್ಪೆಚಿಪ್ಪಿನ ಸರ ಮಾರಲು ಕೂತಳು. ಬಾಯಿ ಜೋರಾಗಿತ್ತು, ವ್ಯಾಪಾರ ಮಾತ್ರ ಅಷ್ಟಕ್ಕಷ್ಟೆ. ದಾರಿ ಕೇಳಿದವರಿಗೆ ದಾರಿ ಹೇಳಿ ಸುಮ್ಮನಾಗುವ ಜಾಯಮಾನವೂ ಅವಳದಲ್ಲ. "ಆ ಜಲಪಾತಕ್ಕೆ ಹೋಗ್ಬೇಡಿ, ಫೋಟೋದಲ್ಲಿರೋ ನೀರು ಅಲ್ಲಿಲ್ಲ," ಎಂದು ತಡೆಯುತ್ತಿದ್ದಳು. ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದ ಅವಳ ತಮ್ಮ ಇದನ್ನು ನೋಡಿ ನೋಡಿ ಒಂದು ಹಳೇ ವ್ಯಾನು ತಂದ. "ಅಕ್ಕಾ, ನೀನು ಮಾತಾಡು, ನಾನು ಓಡಿಸ್ತೀನಿ," ಅಂದ. ಅಂದಿನಿಂದ ಅದೇ ಅವಳ ಬದುಕು.

ತಿರುಗಾಟ ಶುರುವಾಗುವುದು ಬಂದರಿನಲ್ಲಿ. ಅಲ್ಲಿ ಮೀನಿನ ಹರಾಜು ನಡೆಯುವಾಗ ಯಾರೂ ಕೈ ಎತ್ತಬಾರದು ಎನ್ನುವುದು ಅವಳ ಮೊದಲ ಎಚ್ಚರಿಕೆ. ನೊಣ ಓಡಿಸಲು ಕೈ ಬೀಸಿದ ಬ್ಯಾಂಕಿನವರೊಬ್ಬರು ಒಂದು ಬುಟ್ಟಿ ಮೀನಿನೊಡನೆ ಮನೆಗೆ ಹೋದದ್ದುಂಟು. ಆಮೇಲೆ ದೀಪಸ್ತಂಭ, ಚಿಪ್ಪಿನ ಬೀದಿ, ಮರದ ಹಲಗೆಯ ಉದ್ದನೆಯ ಕಟ್ಟೆ, ಅದರ ತುದಿಯಲ್ಲಿ ನಾಣ್ಯ ಹಾಕಿದರೆ ಕಣ್ಣು ತೆರೆಯುವ ದುರ್ಬೀನು. ಮಧ್ಯಾಹ್ನದ ಮೇಲೆ ಆಮೆ ಬಂಡೆ. ಕೊನೆಗೆ ಗುಡ್ಡದ ಮೇಲೆ ಸೂರ್ಯಾಸ್ತ. "ಸೂರ್ಯ ನಿಮ್ಮೂರಲ್ಲೂ ಮುಳುಗ್ತಾನೆ, ಇಲ್ಲಿ ಮುಳುಗೋಕೆ ಟಿಕೆಟ್ ಇದೆ ಅಷ್ಟೆ," ಎಂದು ಅವಳು ಪ್ರತಿದಿನ ಹೇಳುತ್ತಾಳೆ. ಜನ ಪ್ರತಿದಿನ ನಗುತ್ತಾರೆ.

ಮೊದಮೊದಲು ಜನರನ್ನು ತಲೆ ಎಣಿಸಿ ಹತ್ತಿಸುತ್ತಿದ್ದಳು. ಒಮ್ಮೆ ಲೆಕ್ಕವೇನೋ ಸರಿಯಾಗಿಯೇ ಬಂತು, ಆದರೆ ಅದರಲ್ಲಿ ಒಂದು ತಲೆ ಬೇರೆ ಗುಂಪಿನದು. ಆ ಮನುಷ್ಯ ಹಲಗೆಕಟ್ಟೆ ತಲುಪುವವರೆಗೂ ನಿದ್ದೆ ಮಾಡಿ, ಎದ್ದು, ಹೆಂಡತಿ ಎಲ್ಲಿ ಎಂದು ಕೂಗಾಡಿದ. ಅಂದೇ ಎಣಿಸುವುದನ್ನು ಬಿಟ್ಟಳು. ಬೆಳಿಗ್ಗೆ ವ್ಯಾನು ಹತ್ತುವಾಗಲೇ ಪ್ರತಿಯೊಬ್ಬರಿಗೂ ಒಂದು ಹೆಸರಿಡುತ್ತಾಳೆ. ಕರಿ ಕನ್ನಡಕ, ಹೂವಿನ ಟೋಪಿ, ಹಲ್ಲು ನೋವು, ಬಾಳೆಹಣ್ಣಿನ ಯಜಮಾನರು. ಹೊರಡುವ ಹೊತ್ತಿಗೆ ಸೀಟಿ ಊದಿ, ಒಂದೊಂದೇ ಹೆಸರು ಕೂಗುತ್ತಾಳೆ. ಕೂಗಿದವರು "ಬಂದೆ" ಅನ್ನಬೇಕು. ಅಂದರೂ ಅವಳಿಗೆ ಸಾಲದು. "ಬಾಯಲ್ಲಿ ಬಂದ್ರೆ ಆಯ್ತಾ, ಮುಖ ಬರ್ಲಿ," ಎಂದು ಮೂತಿ ನೋಡಿಯೇ ಬಿಡುವುದು.

ಮಗಳು ದೊಡ್ಡ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗನನ್ನು ಮೆಚ್ಚಿ, ಎರಡೂ ಕಡೆಯವರನ್ನು ಒಪ್ಪಿಸಿ, ರಿಜಿಸ್ಟರ್ ಮದುವೆ ಮಾಡಿಕೊಂಡಿದ್ದಳು. ಕಚೇರಿಯ ಬೆಂಚಿನ ಮೇಲೆ ಪಕ್ಕಪಕ್ಕ ಕೂತದ್ದು ಬಿಟ್ಟರೆ ಬೀಗರಿಗೂ ಸೀಟಿ ಅಕ್ಕನಿಗೂ ನಾಲ್ಕು ಮಾತು ಆಗಿರಲಿಲ್ಲ. ಈಗ ಬೀಗರು, ಬೀಗಿತ್ತಿ ಇಬ್ಬರೂ ಮೊದಲ ಸಲ ಅವಳ ಊರಿಗೆ ಬರುವವರಿದ್ದರು. ಅವರು ಬರುವ ಹಿಂದಿನ ದಿನ ಮಗಳು ಫೋನು ಮಾಡಿದಳು.

"ಅಮ್ಮ, ಒಂದೇ ಒಂದು ಮಾತು. ಮಾವನಿಗೆ ಅಡ್ಡಹೆಸರು ಇಡ್ಬೇಡ."

"ನಾನ್ಯಾಕೆ ಇಡ್ಲಿ?"

"ನೀನು ಇಟ್ಟೇ ಇಡ್ತೀಯ. ಸೀಟಿ ಊದಿ ಕರೆಯೋದೂ ಬೇಡ. ಅವರು ಬಾಯಿಬಿಟ್ಟು ಏನೂ ಹೇಳಲ್ಲ, ಒಳಗೊಳಗೇ ಮನಸ್ಸಿಗೆ ಹಚ್ಕೊತಾರೆ."

"ಬೀಗರಿಗೆ ಮರ್ಯಾದೆ ಕೊಡೋದನ್ನ ನಿನ್ನಿಂದ ಕಲೀಬೇಕಾ ನಾನು?" ಎಂದು ಫೋನು ಇಟ್ಟಳು. ಇಟ್ಟ ಮೇಲೆ ಬಹಳ ಹೊತ್ತು ಮುಖ ಊದಿಸಿಕೊಂಡೇ ಇದ್ದಳು. ಮಗಳು ಹೇಳಿದ್ದು ನಿಜ ಎನ್ನುವುದೇ ಅವಳಿಗೆ ಚುಚ್ಚಿದ್ದು.

ಹೆಸರಿಡದೆ ಇರುವುದು ಸುಲಭವೂ ಆಗಿರಲಿಲ್ಲ. ಬೀಗರ ಕಸುಬು ಬೀಗ ರಿಪೇರಿ. ಸಂತೆಪೇಟೆಯಲ್ಲಿ ಗೂಡಂಗಡಿ ಇಟ್ಟುಕೊಂಡು ಬೀಗ ತೆಗೆಯುವುದು, ಕೀಲಿಕೈ ಕೊರೆಯುವುದು. 'ಬೀಗದ ಬೀಗರು' ಎಂಬ ಮಾತು ಬೆಳಗಿನಿಂದ ಅವಳ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಅದನ್ನು ಎಷ್ಟು ಸಲ ನುಂಗಿಕೊಂಡಳೋ. ತಮ್ಮ ಮಾತ್ರ ಕನ್ನಡಿಯಲ್ಲಿ ಅವಳ ಮುಖ ನೋಡಿ ನಗು ತಡೆಯಲಾರದೆ ಎರಡು ಸಲ ಸುಮ್ಮನೆ ಹಾರ್ನ್ ಹೊಡೆದ.

ಬೀಗರು ತೆಳ್ಳಗಿನ, ಮಿತಭಾಷಿ ಮನುಷ್ಯ. ಅಂಗಿಯ ಜೇಬಿನಲ್ಲಿ ಸಣ್ಣ ಚಿಮಟ, ಸೂಜಿ ಕಡ್ಡಿ, ಎಣ್ಣೆಯ ಪುಟ್ಟ ಬಾಟಲಿ ಇದ್ದ ಚರ್ಮದ ಚೀಲ. ಸಮುದ್ರವನ್ನು ಅವರು ನೋಡಿದ್ದು ಅಂದೇ ಮೊದಲು. ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದರು. "ಇವರಿಗೆ ನೀರು ಅಂದ್ರೆ ಜೀವ ಹೋಗುತ್ತೆ ಅಕ್ಕ, ಕೆರೆ ದಂಡೆ ಮೇಲೂ ನಡೆಯಲ್ಲ," ಎಂದು ಬೀಗಿತ್ತಿ ನಕ್ಕರು. ಆಕೆ ದೊಡ್ಡ ಜೀವ, ದೊಡ್ಡ ನಗು. ಬೆಳಿಗ್ಗೆ ಬಂದರಿನಲ್ಲೇ ಸೀರೆ ಎತ್ತಿಕಟ್ಟಿ ಅಲೆಗೆ ಕಾಲು ಕೊಟ್ಟಿದ್ದರು. ಗಂಡನ ಫೋನು ನೀರಿಗೆ ಬಿದ್ದೀತೆಂದು ತಾವೇ ಚೀಲದಲ್ಲಿ ಇಟ್ಟುಕೊಂಡಿದ್ದರು. ಹಿಂದಿನ ಸೀಟಿನ ಹೆಂಗಸರ ಜೊತೆ ಸೇರಿ ಹರಟೆಗೆ ಕೂತರೆ ವ್ಯಾನು ನಿಂತದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಬೀಗರು ಮುಂದೆ ಡ್ರೈವರ್ ಪಕ್ಕ.

ದೀಪಸ್ತಂಭದ ಮೇಲೆ ಎಲ್ಲರೂ ಕಡಲು ನೋಡಿದರು, ಬೀಗರು ಬಾಗಿಲಿನ ಬೀಗ ನೋಡಿದರು. ಚಿಪ್ಪಿನ ಬೀದಿಯಲ್ಲಿ ಎಲ್ಲರೂ ಶಂಖವನ್ನು ಕಿವಿಗೆ ಹಿಡಿದರೆ, ಅವರು ಅಂಗಡಿಯ ಕಬ್ಬಿಣದ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, "ಉಪ್ಪು ಗಾಳಿ ಇದನ್ನ ಒಳಗಿಂದಾನೇ ತಿಂದುಹಾಕಿದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಸೀಟಿ ಅಕ್ಕನಿಗೆ ಒಳಗೇ ಬೇಜಾರು. ಊರೆಲ್ಲ ಹೊಗಳುವ ಕಡಲನ್ನು ಇವರಿಗೆ ತೋರಿಸುವುದೂ ಒಂದೇ, ಗೋಡೆಗೆ ತೋರಿಸುವುದೂ ಒಂದೇ ಅನ್ನಿಸಿತು.

ಆಮೆ ಬಂಡೆಯ ಹತ್ತಿರ ವ್ಯಾನು ನಿಂತಾಗ ಆಕಾಶದಲ್ಲಿ ಮೋಡ ಕಟ್ಟಿತ್ತು. ನೀರು ಇಳಿದಾಗ ದಡದಿಂದ ಆ ಬಂಡೆಯವರೆಗೆ ಮರಳಿನ ಸಣ್ಣ ಓಣಿಯೊಂದು ಮೇಲೇಳುತ್ತದೆ. ಜನ ಅದರ ಮೇಲೆ ನಡೆದು ಹೋಗಿ, ಬಂಡೆ ಹತ್ತಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಬಂಡೆಯ ಬೆನ್ನ ಮೇಲೆ ಕಲ್ಲಿನ ಒಂದು ಕೋಣೆ. ಗುಡ್ಡದ ಮೇಲೆ ದೀಪಸ್ತಂಭ ಕಟ್ಟುವ ಮೊದಲು ಅಲ್ಲೇ ದೀಪ ಹಚ್ಚುತ್ತಿದ್ದರಂತೆ. ಅದರ ಬಾಗಿಲು ಸಮುದ್ರದ ಕಡೆಗಿದೆ, ಅದು ತೆರೆದದ್ದನ್ನು ಈಗಿನವರು ಯಾರೂ ಕಂಡಿಲ್ಲ. ಉಬ್ಬರ ಜೋರಾದ ದಿನ ಓಣಿ ಮುಳುಗಿ, ಬಂಡೆಯೂ ಮುಳುಗಿ, ಆ ಕೋಣೆ ಒಂದೇ ನೀರಿನ ಮೇಲೆ ನಿಂತಿರುತ್ತದೆ.

"ಓಣಿ ಬಾಯಲ್ಲಿ ಈ ಕರಿ ಕಲ್ಲು ನೋಡ್ಕೊಳ್ಳಿ," ಎಂದಳು ಸೀಟಿ ಅಕ್ಕ. "ಇದು ಒದ್ದೆ ಆಯ್ತು ಅಂದ್ರೆ ಆಟ ಮುಗೀತು. ಸೀಟಿ ಕೇಳಿದ ತಕ್ಷಣ ಬಂದುಬಿಡ್ಬೇಕು. ಸಮುದ್ರಕ್ಕೆ ನಿಮ್ಮ ಫೋಟೋ ಆಯ್ತಾ ಇಲ್ವಾ ಅಂತ ಗೊತ್ತಾಗಲ್ಲ."

ಬೀಗರು ಓಣಿಯ ಬಾಯಲ್ಲೇ ನಿಂತುಬಿಟ್ಟರು. ಬೀಗಿತ್ತಿ ಕಾಲಷ್ಟೇ ನೆನೆಸಿಕೊಂಡು, "ಬಿಡಿ ಅಕ್ಕ, ಇವರು ಬರಲ್ಲ, ನಾನೂ ಇಲ್ಲೇ ಇರ್ತೀನಿ," ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬೆಳಗಿನಿಂದ ಬೀಗಗಳನ್ನೇ ನೋಡುತ್ತಿದ್ದ ಮನುಷ್ಯನಿಗೆ ಕಡಲಿನ ಒಂದು ಸೊಬಗನ್ನಾದರೂ ತೋರಿಸಿಯೇ ತೀರಬೇಕೆಂಬ ಹಟ ಸೀಟಿ ಅಕ್ಕನಿಗೆ. "ಬನ್ನಿ ಬೀಗರೇ. ಹೆದರ್ಕೋಬೇಡಿ, ನಾನಿದ್ದೀನಲ್ಲ," ಅಂದಳು. ಅವರು ಅವಳ ಹಿಂದೆ ಹೆಜ್ಜೆ ಹಾಕಿದರು.

ಬಂಡೆಯ ಮೇಲೆ ಗಾಳಿ ಜೋರಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಕರಿ ಕಲ್ಲಿನ ಬುಡಕ್ಕೆ ನೀರು ನೆಕ್ಕಿತು. ಅವಳು ದಡಕ್ಕೆ ಬಂದು ಸೀಟಿ ಊದಿದಳು. ಜನ ಒಬ್ಬೊಬ್ಬರಾಗಿ ಓಣಿಯಲ್ಲಿ ಬರತೊಡಗಿದರು. ಅಂದಿನ ಗುಂಪಿನ ಕರಿ ಕನ್ನಡಕದವನ ಜೇಬು ಒದ್ದೆಯಾಗಿ ಉಬ್ಬಿದ್ದನ್ನು ಕಂಡು ಕೈ ಹಾಕಿದರೆ ಒಂದು ಜೀವಂತ ನಕ್ಷತ್ರಮೀನು. "ಇದನ್ನ ತೊಗೊಂಡು ಹೋಗಿ ಟಿವಿ ಮೇಲೆ ಇಡ್ತೀಯಾ? ನಿನ್ನನ್ನ ಯಾರಾದ್ರೂ ತೊಗೊಂಡು ಹೋಗಿ ಇಟ್ರೆ?" ಎಂದು ಬೈಯುತ್ತ, ಬಾಗಿ ಅದನ್ನು ನೀರಿಗೆ ಬಿಡುತ್ತಲೇ ಹೆಸರು ಕೂಗಿದಳು. ಹೂವಿನ ಟೋಪಿ ಬಂದೆ ಅಂದಳು. ಹಲ್ಲು ನೋವು ಬಂದೆ ಅಂದಿತು. ಬಾಳೆಹಣ್ಣು ಬಾಯಿ ತುಂಬ ಬಂದೆ ಅಂದಿತು. ಎಲ್ಲರ ಮುಖವನ್ನೂ ಕತ್ತೆತ್ತಿ ನೋಡಿದಳು.

ಕೊನೆಗೆ ದನಿ ತಗ್ಗಿಸಿ, ಸೀಟಿಯಿಲ್ಲದೆ, ಮರ್ಯಾದೆಯಿಂದ, "ಬೀಗರೇ, ಬಂದ್ರಾ?" ಅಂದಳು.

"ಹಾ, ಬಂದೆ." ಬೆನ್ನ ಹಿಂದಿನಿಂದ ಗಾಳಿಯಲ್ಲಿ ತೇಲಿ ಬಂದ ದನಿ ಬೀಗರದೇ.

ಅವಳು ತಿರುಗಿ ನೋಡಲಿಲ್ಲ. ಬೀಗರ ಮೂತಿ ನೋಡಿ ತಾಳೆ ಹಾಕುವುದಕ್ಕೆ ಅವರೇನು ಹಲ್ಲು ನೋವೇ? ಒಮ್ಮೆ ಬಂದೆ ಅಂದವರನ್ನು ಮತ್ತೆ ಕೇಳುವುದು ನಂಬದ ಹಾಗೆ ಆದೀತು. ಸೆರಗಿಗೆ ಕೈ ಒರೆಸಿಕೊಂಡು ವ್ಯಾನಿನ ಕಡೆ ನಡೆದಳು. ಮುಂದಿನ ಸೀಟಿನಲ್ಲಿ ಬಾಳೆಹಣ್ಣಿನ ಯಜಮಾನರು ಆಗಲೇ ಆರಾಮಾಗಿ ಕೂತಿದ್ದರು.

"ಬೀಗರು?" ಎಂದ ತಮ್ಮ.

"ಬಂದ್ರು. ಹಿಂದೆ ಬೀಗಿತ್ತಿ ಹತ್ರ ಕೂತಿರ್ಬೇಕು. ನಡಿ ನಡಿ, ಸೂರ್ಯ ನಮಗೋಸ್ಕರ ಕಾಯಲ್ಲ."

ಹಿಂದಿನ ಸೀಟಿನಲ್ಲಿ ಬೀಗಿತ್ತಿ, ಗಂಡ ಎಂದಿನಂತೆ ಮುಂದೆ ಡ್ರೈವರ್ ಪಕ್ಕ ಇದ್ದಾರೆಂದುಕೊಂಡು ಹೂವಿನ ಟೋಪಿಗೆ ಸೊಸೆಯ ಗುಣಗಾನ ಮಾಡುತ್ತಿದ್ದರು.

ಗುಡ್ಡದ ಮೇಲೆ ಎಲ್ಲರೂ ಇಳಿದರು. ಬೀಗಿತ್ತಿ ಕೈಯಲ್ಲೊಂದು ಸ್ವೆಟರ್ ಹಿಡಿದುಕೊಂಡು ಬಂದರು. "ಅಕ್ಕ, ಇವರು ಎಲ್ಲಿ? ಗಾಳಿ ಹೀಗಿದೆ, ಇದನ್ನ ಹಾಕ್ಕೊಳ್ಳಿ ಅಂತ ಹೇಳಿ."

"ನಿಮ್ಮ ಜೊತೆ ಇದ್ರಲ್ಲ?"

"ಮುಂದೆ ಕೂತಿದ್ರಲ್ಲ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಟಿ ಅಕ್ಕ ವ್ಯಾನಿನೊಳಗೆ ನುಗ್ಗಿ ಸೀಟುಗಳ ಕೆಳಗೆಲ್ಲ ನೋಡಿದಳು, ಬೀಗರು ಸೀಟಿನ ಕೆಳಗೆ ಯಾಕೆ ಇರುತ್ತಾರೆ ಎನ್ನುವ ಪ್ರಜ್ಞೆಯೂ ಅವಳಿಗಿರಲಿಲ್ಲ. ಶೌಚಾಲಯದ ಸಾಲು ನೋಡಿದಳು, ಜೋಳ ಸುಡುವವನ ಹತ್ತಿರ ನೋಡಿದಳು. ಆಮೇಲೆ ಗುಡ್ಡದ ಅಂಚಿಗೆ ಬಂದು ಕೆಳಗೆ ನೋಡಿದಳು. ಬಂಡೆ ದೂರದಲ್ಲಿ ಸಣ್ಣಗೆ ಕಾಣುತ್ತಿತ್ತು. ಓಣಿ ಇರಬೇಕಾದ ಕಡೆ ನೊರೆ ಇತ್ತು.

"ಬಂದೆ ಅಂದ್ರು," ಎಂದಳು ತಮ್ಮನಿಗೆ. "ನಾನೇ ಕರೆದೆ, ಬಂದೆ ಅಂದ್ರು. ಈ ಕಿವಿಯಲ್ಲೇ ಕೇಳಿದೀನಿ ಕಣೋ."

"ನೋಡಿದ್ಯಾ?"

ಅವಳು ಎಲ್ಲರೂ ಮತ್ತೆ ಹತ್ತಲೆಂದು ಸೀಟಿ ಊದಿದಳು. ತಮ್ಮ ಆಗಲೇ ವ್ಯಾನಿನ ಕಡೆ ಓಡುತ್ತಿದ್ದ.

ಆ ಹೊತ್ತಿಗೆ ಇಡೀ ಊರಿನ ಗಾಡಿಗಳು ಸೂರ್ಯಾಸ್ತಕ್ಕೆಂದು ಗುಡ್ಡ ಹತ್ತುತ್ತಿದ್ದವು, ಇಳಿಯುತ್ತಿದ್ದದ್ದು ಇವರ ವ್ಯಾನು ಒಂದೇ. ಪ್ರತಿ ತಿರುವಿನಲ್ಲೂ ಎದುರಿಗೊಂದು ಕಾರು ಮೂತಿ ಹಾಕಿ ನಿಲ್ಲುತ್ತಿತ್ತು. ಸೀಟಿ ಅಕ್ಕ ಬಾಗಿಲಲ್ಲಿ ನೇತಾಡಿಕೊಂಡು ಸೀಟಿ ಊದುತ್ತ, ಕೈ ಬೀಸುತ್ತ, ಬೈಯುತ್ತ ದಾರಿ ಬಿಡಿಸುತ್ತಿದ್ದಳು. "ನಮ್ಮ ಸನ್‌ಸೆಟ್ ಹಾಗಾದ್ರೆ?" ಎಂದ ಕರಿ ಕನ್ನಡಕದವನಿಗೆ ಬಾಳೆಹಣ್ಣಿನ ಯಜಮಾನರು, "ಬಾಯಿ ಮುಚ್ಕೊಂಡು ಕೂತ್ಕೊಳಪ್ಪ," ಅಂದರು.

ಲೈಫ್‌ಗಾರ್ಡ್‌ಗಳು ಇರುವುದು ಜನ ಈಜುವ ದೊಡ್ಡ ತೀರದಲ್ಲಿ. ಅವರಿಗೆ ಫೋನು ಹಚ್ಚಿದಳು. "ಹೊರಟ್ವಿ ಅಕ್ಕ," ಎಂದರು ಅವರ ಮುಖ್ಯಸ್ಥರು. "ಆದ್ರೆ ರೋಡು ನೋಡ್ತಿದ್ದೀರಲ್ಲ. ಬೋಟು ಆ ಬಂಡೆ ಹತ್ರ ತರೋಕಾಗಲ್ಲ, ಅಲೆ ಎತ್ತಿ ಕುಕ್ಕಿಬಿಡುತ್ತೆ. ಟ್ಯೂಬು, ಹಗ್ಗ ತೊಗೊಂಡು ದಡದ ಕಡೆಯಿಂದಾನೇ ಬರ್ಬೇಕು. ಅಲ್ಲಿವರೆಗೂ ಯಾರೂ ನೀರಿಗೆ ಇಳೀಬೇಡಿ."

ಅವಳು ಫೋನು ಇಡುವುದರೊಳಗೆ ಅದು ಮತ್ತೆ ಬಡಿದುಕೊಂಡಿತು. ಮಗಳು. ದಿನಾ ಆ ಹೊತ್ತಿಗೆ ಫೋನು ಮಾಡುವವಳು. ಸೀಟಿ ಅಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಳು, ಎತ್ತಲಿಲ್ಲ. ಎತ್ತಿ ಏನೆಂದು ಹೇಳುವುದು, ನಿನ್ನ ಮಾವನಿಗೆ ನಾನು ಅಡ್ಡಹೆಸರು ಇಡಲಿಲ್ಲ ಎಂದೇ? ಅದು ಬಡಿದು ಬಡಿದು ಸುಮ್ಮನಾಯಿತು. ಮರುಕ್ಷಣವೇ ಹಿಂದಿನ ಸೀಟಿನಲ್ಲಿ ಬೀಗಿತ್ತಿಯ ಚೀಲದೊಳಗೆ ಬೀಗರ ಫೋನು ಬಡಿಯತೊಡಗಿತು. ಬೀಗಿತ್ತಿ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದರು. ಬೆಳಗಿನಿಂದ ಒಂದು ಗಳಿಗೆ ಬಾಯಿಗೆ ಬಿಡುವು ಕೊಡದ ಹೆಂಗಸು ಈಗ ತುಟಿ ಪಿಟಕ್ಕೆನ್ನಲಿಲ್ಲ. ಅವರು ಬೈದಿದ್ದರೆ ಸೀಟಿ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ವ್ಯಾನು ನಿಂತಾಗ ಕರಿ ಕಲ್ಲು ಕಾಣಲೇ ಇಲ್ಲ. ಓಣಿಯ ಮೇಲೆ ಎರಡೂ ಕಡೆಯಿಂದ ಅಲೆಗಳು ಬಂದು ನಡುವೆ ಡಿಕ್ಕಿ ಹೊಡೆಯುತ್ತಿದ್ದವು. ಬಂಡೆಯ ಬೆನ್ನಿನ ಮೇಲೂ ಆಗೊಮ್ಮೆ ಈಗೊಮ್ಮೆ ನೀರು ಹಾಯುತ್ತಿತ್ತು. ಅಲ್ಲಿ ಯಾರೂ ಕಾಣಲಿಲ್ಲ. ಅವಳು ಉಸಿರು ಕಟ್ಟಿ ಸೀಟಿ ಊದಿದಳು. ಮತ್ತೆ ಊದಿದಳು. ಕೆನ್ನೆ ನೋಯುವ ತನಕ ಊದಿ, ನಿಲ್ಲಿಸಿ, ಕಿವಿ ಕೊಟ್ಟಳು. ಬರೀ ನೀರಿನ ಸದ್ದು.

ಆಮೇಲೆ, ಬಹಳ ಕ್ಷೀಣವಾಗಿ, ಕೋಣೆಯ ಆಚೆಯಿಂದ ಒಂದು ದನಿ. "ಯಾರಾದ್ರೂ ಇದ್ದೀರಾ?"

"ಬಂದೆ!" ಎಂದು ಕಿರುಚಿದಳು ಸೀಟಿ ಅಕ್ಕ. "ಬಂದೆ ಬೀಗರೇ, ಬಂದೆ, ಬಂದೆ."

ಹಾಗೆ ಕೂಗಿದವಳು ಕಲ್ಲಾಗಿ ನಿಂತುಬಿಟ್ಟಳು. ಅವಳ ಪಾದದ ಬೆರಳಿಗೆ ಇನ್ನೂ ನೀರು ತಾಗಿರಲಿಲ್ಲ. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆದರೂ ಬಾಯಿ ಬಂದೆ ಅಂದಿತ್ತು. ಒಲೆಯ ಮುಂದೆ ಕೂತವಳನ್ನು ಬಾಗಿಲಲ್ಲಿ ಯಾರಾದರೂ ಕರೆದರೆ, ಏಳುವ ಮೊದಲೇ ಬಂದೆ ಅನ್ನುವುದಿಲ್ಲವೇ? ಹುಟ್ಟಿದಾಗಿನಿಂದ ತಾನೂ ಅಂದದ್ದು, ಎಲ್ಲರೂ ಅನ್ನುವುದು ಹಾಗೇ. ಬೀಗರೂ ಅಷ್ಟೇ ಅಂದಿದ್ದರು. ಬರುತ್ತೇನೆ, ಒಂದು ನಿಮಿಷ ಇರಿ, ಬಿಟ್ಟು ಹೋಗಬೇಡಿ ಅಂದಿದ್ದರು. ಅದನ್ನು ಕೇಳಿಸಿಕೊಂಡು ಅವಳು ಗಾಡಿ ಹತ್ತಿದ್ದಳು. ತನ್ನ ಮೇಲೆಯೇ ಅವಳಿಗೆ ಅಸಹ್ಯ ಉಕ್ಕಿ ಬಂತು.

"ಹಗ್ಗ ತಾ," ಎಂದಳು ತಮ್ಮನಿಗೆ.

"ಅಕ್ಕಾ, ಅವರು ಬರ್ತಿದ್ದಾರೆ. ಇಳೀಬೇಡ ಅಂದಿದ್ದಾರೆ."

"ಅವರು ಬರೋ ಹೊತ್ತಿಗೆ ನೀರು ಎಲ್ಲಿರುತ್ತೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾನಿದ್ದೀನಲ್ಲ ಅಂತ ಕರ್ಕೊಂಡು ಹೋಗಿದ್ದೀನಿ ಅವರನ್ನ. ಹಗ್ಗ ತಾ."

ಕೆಟ್ಟ ಗಾಡಿ ಎಳೆಯಲು ಇಟ್ಟುಕೊಂಡಿದ್ದ ದಪ್ಪ ಹಗ್ಗದ ದೊಡ್ಡ ಸುರುಳಿ. ಅದನ್ನು ಸೊಂಟಕ್ಕೆ ಬಿಗಿದು, ಸೀರೆಯನ್ನು ಎತ್ತಿ ಸಿಕ್ಕಿಸಿ ನೀರಿಗಿಳಿದಳು. ಇನ್ನೊಂದು ತುದಿಯನ್ನು ವ್ಯಾನಿನ ಕೊಂಡಿಗೆ ಕಟ್ಟಿ ತಮ್ಮ, ಬಾಳೆಹಣ್ಣಿನ ಯಜಮಾನರು, ಕರಿ ಕನ್ನಡಕದವನು ಸಡಿಲ ಬಿಡುತ್ತ ಹಿಡಿದು ನಿಂತರು. ನೀರು ತಣ್ಣಗೆ ಕೊರೆಯುತ್ತಿತ್ತು. ಓಣಿ ಕಣ್ಣಿಗೆ ಕಾಣದಿದ್ದರೂ ಅವಳ ಕಾಲಿಗೆ ಗೊತ್ತಿತ್ತು. ಗಟ್ಟಿ ಮರಳು ಸಿಕ್ಕ ಕಡೆ ಹೆಜ್ಜೆ, ಮೆತ್ತಗಾದ ಕೂಡಲೇ ಬಲಕ್ಕೆ. ನಡುದಾರಿಯಲ್ಲಿ ನೀರು ಎದೆಯ ಮಟ್ಟಕ್ಕೆ ಬಂತು. ಎಡಗಡೆಯ ಅಲೆಯೊಂದು ಬಂದು ಅವಳನ್ನು ಪಕ್ಕಕ್ಕೆ ಒಗೆಯಿತು. ಬಾಯಿ ಮೂಗಿನಲ್ಲೆಲ್ಲ ಉಪ್ಪು. ಕಾಲ ಕೆಳಗೆ ಏನೂ ಇಲ್ಲ. ಹಗ್ಗ ಸೊಂಟವನ್ನು ಕತ್ತರಿಸುವ ಹಾಗೆ ಜಗ್ಗಿತು, ಆ ನೋವೇ ಅವಳಿಗೆ ದಡ ಯಾವ ಕಡೆ ಎಂದು ಹೇಳಿತು. ಕೆಮ್ಮುತ್ತ ಮತ್ತೆ ಮರಳು ಹುಡುಕಿಕೊಂಡಳು. ಹೆದರಿಕೆ ಆಯಿತು, ಸುಳ್ಳು ಹೇಳಿ ಏನು ಪ್ರಯೋಜನ. ಮಗಳ ಮುಖ ಕಣ್ಣ ಮುಂದೆ ಬಂತು. ಹಿಂತಿರುಗಿ ಹೋದರೆ ಆ ಮುಖ ನೋಡಲಾಗುವುದಿಲ್ಲ ಎಂದುಕೊಂಡೇ ಬಂಡೆಯ ಅಂಚು ಹಿಡಿದಳು.

ಬಂಡೆಯ ಮೇಲೆ ಮೊಣಕಾಲುದ್ದ ನೀರು ಬಂದು ಹೋಗುತ್ತಿತ್ತು. ಗೋಡೆ ತಡವುತ್ತ ಕೋಣೆಯನ್ನು ಸುತ್ತಿ ಸಮುದ್ರದ ಕಡೆಗೆ ಬಂದಳು. ಎಂದೂ ತೆರೆಯದ ಆ ಬಾಗಿಲು ತೆರೆದಿತ್ತು.

ಒಳಗೆ ಕಲ್ಲಿನ ಕಡಿದಾದ ಮೆಟ್ಟಿಲು. ತೀರಾ ಮೇಲಿನ ಮೆಟ್ಟಿಲಲ್ಲಿ, ಸೂರಿಗೆ ತಲೆ ತಾಗಿಸಿಕೊಂಡು, ಬೀಗರು ಮುದುಡಿ ಕೂತಿದ್ದರು. ತೊಪ್ಪೆಯಾಗಿ ನೆನೆದಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು. ಮಡಿಲಲ್ಲಿ ಹಸಿರುಗಟ್ಟಿದ ಹಿತ್ತಾಳೆಯ ದೊಡ್ಡ ಬೀಗ, ಅದಕ್ಕೆ ಅಂಟಿಕೊಂಡೇ ಕಿತ್ತು ಬಂದ ಕಬ್ಬಿಣದ ಚಿಲಕ.

ಅವಳು ಹಗ್ಗವನ್ನು ಸೊಂಟದಿಂದ ಬಿಚ್ಚಿ ಬಾಗಿಲ ಚೌಕಟ್ಟಿನಲ್ಲಿ ಕೊರೆದಿದ್ದ ಕಲ್ಲಿನ ಬಳೆಗೆ ಬಿಗಿದಳು. ಆಮೇಲೆ ಮೆಟ್ಟಿಲು ಹತ್ತಿ, ಅವರ ಕೆಳಗಿನ ಮೆಟ್ಟಿಲಲ್ಲಿ ಕುಸಿದು ಕೂತಳು. ಮೊದಲು ಮಾತಾಡಿದವರು ಬೀಗರೇ.

"ತೆಗೆಯೋಕಾಗ್ಲಿಲ್ಲ ಅಕ್ಕಾವ್ರೇ," ಎಂದರು. "ಹಳೇ ಕಾಲದ ಬೀಗ, ಇಂಥದ್ದು ಕಂಡೇ ಇರ್ಲಿಲ್ಲ. ಎಣ್ಣೆ ಬಿಟ್ಟು, ಇಳೀಲಿ ಅಂತ ಕಾಯ್ತಿದ್ದೆ. ಆಗಲೇ ನೀವು ಕರೆದ್ರಿ. ಆಮೇಲೆ ನೋಡಿದ್ರೆ ಯಾರೂ ಇಲ್ಲ. ನೀರು ಬಂತು. ಕಲ್ಲು ತೊಗೊಂಡು ಚಿಲಕ ಹೊಡೆದು ಒಳಗೆ ಬಂದೆ." ಮಡಿಲಲ್ಲಿದ್ದ ಬೀಗವನ್ನು ತಿರುಗಿಸಿ ನೋಡಿದರು. "ಇಷ್ಟು ವರ್ಷದಲ್ಲಿ ಯಾರ ಬಾಗಿಲನ್ನೂ ಒಡೆದವನಲ್ಲ ನಾನು. ಕಳ್ಳನ ಹಾಗೆ ಒಡೆದುಬಿಟ್ಟೆ."

ಸೀಟಿ ಅಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಿಲ್ಲ.

"ನಾನು ನಿಮ್ಮನ್ನ ಬಿಟ್ಟು ಹೋದೆ ಬೀಗರೇ. ಬಂದೆ ಅಂದ್ರಲ್ಲ, ಬಂದೇಬಿಟ್ರು ಅಂದ್ಕೊಂಡೆ."

"ಮಿಕ್ಕವರನ್ನ ಎರಡೆರಡು ಸಲ ಕೇಳ್ತಿದ್ರಿ. ಮುಖ ನೋಡ್ತಿದ್ರಿ. ನನ್ನನ್ನ ಯಾಕೆ ಕೇಳ್ಲಿಲ್ಲ?"

"ಬೀಗರನ್ನ ಎರಡು ಸಲ ಕೇಳೋಕಾಗುತ್ತಾ?"

ಕೆಳಗೆ ಬಾಗಿಲಿಗೆ ಅಲೆಯೊಂದು ಅಪ್ಪಳಿಸಿ ಮೊದಲ ಮೆಟ್ಟಿಲನ್ನು ನುಂಗಿತು. ಬೀಗರು ಅವಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹಿಡಿತದಲ್ಲಿ ಬೀಗತನ ಏನೂ ಉಳಿದಿರಲಿಲ್ಲ. "ಬೆಳಿಗ್ಗೆಯಿಂದ ಎಲ್ಲರಿಗೂ ಒಂದೊಂದು ಹೆಸರಿಟ್ರಿ," ಎಂದರು ಕಣ್ಣು ಮುಚ್ಚಿಕೊಂಡೇ. "ನನಗೊಬ್ಬನಿಗೇ ಇಡ್ಲಿಲ್ಲ. ಇವರಿಗೆ ನಾನು ಹಿಡಿಸಿಲ್ಲ ಅಂದ್ಕೊಂಡೆ."

"ಇಟ್ಟಿದ್ದೆ. ಬಾಯಿಗೆ ತರ್ಲಿಲ್ಲ ಅಷ್ಟೆ."

"ಏನಂತ?"

"ಬೀಗದ ಬೀಗರು."

ಅವರ ಎದೆಯಿಂದ ಕೆಮ್ಮಿನಂಥ ಒಂದು ಸದ್ದು ಬಂತು. ನಗು ಎಂದು ಅವಳಿಗೆ ಆಮೇಲೆ ತಿಳಿಯಿತು.

ಹೊರಗೆ ಗಂಡಸರ ದನಿಗಳು ಕೇಳಿಸಿದಾಗ ನೀರು ಮೂರನೆಯ ಮೆಟ್ಟಿಲಿಗೆ ಬಂದಿತ್ತು. ಬಿಗಿದ ಹಗ್ಗವನ್ನು ಹಿಡಿದುಕೊಂಡೇ ಇಬ್ಬರು ಲೈಫ್‌ಗಾರ್ಡ್‌ಗಳು ಬಂದರು, ಹೆಗಲಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಟ್ಯೂಬು. ಗಂಟಲು ಹರಿದುಕೊಂಡು ದಡದಿಂದ ತಮ್ಮ ಕೂಗುತ್ತಿದ್ದ. "ಅಕ್ಕಾ, ಬಂದ್ಯಾ?"

ಸೀಟಿ ಅಕ್ಕ ಬಾಯಿ ತೆರೆದಳು. ಅದೇ ಮಾತು 'ಬಂ' ಎನ್ನುವವರೆಗೆ ಬಂದು ನಿಂತಿತು.

"ಇಲ್ಲ," ಎಂದು ಕೂಗಿದಳು. "ಇನ್ನೂ ಬಂದಿಲ್ಲ. ಇಲ್ಲೇ ಇದ್ದೀವಿ. ಹಗ್ಗ ಬಿಡ್ಬೇಡ."

ಬೀಗರ ಎದೆಗೆ ಟ್ಯೂಬು ತೊಡಿಸಿದರು. ಬಾಗಿಲ ಹೊರಗಿನ ನೀರು ನೋಡಿ ಅವರ ಕಾಲು ಏಳಲೇ ಇಲ್ಲ. ಸೀಟಿ ಅಕ್ಕ ಎದುರಿಗೆ ನಿಂತು, "ನೀರು ನೋಡ್ಬೇಡಿ ಬೀಗರೇ, ನನ್ನ ಮುಖ ನೋಡ್ಕೊಂಡು ಬನ್ನಿ," ಅಂದಳು. ಅವರು ಹಾಗೇ ಮಾಡಿದರು. ಒಬ್ಬ ಮುಂದೆ, ಒಬ್ಬ ಹಿಂದೆ, ನಡುವೆ ಇವರಿಬ್ಬರು. ಅಲೆ ಬಂದಾಗಲೆಲ್ಲ ನಾಲ್ಕು ಜನವೂ ಹಗ್ಗಕ್ಕೆ ಜೋತುಬಿದ್ದು, ಅದು ಹೋದ ಮೇಲೆ ಮತ್ತೆ ಮುಂದಕ್ಕೆ. ಬೀಗರ ಮಡಿಲಲ್ಲಿದ್ದ ಹಿತ್ತಾಳೆ ಬೀಗ ಎಲ್ಲಿ ಬಿತ್ತೋ ಯಾರಿಗೂ ತಿಳಿಯಲಿಲ್ಲ.

ದಡದಲ್ಲಿ ಬೀಗಿತ್ತಿ ಮೊಣಕಾಲ ಮಟ್ಟದ ನೀರಿನಲ್ಲೇ ಸ್ವೆಟರ್ ಹಿಡಿದು ನಿಂತಿದ್ದರು. ಹೂವಿನ ಟೋಪಿಯವಳು ಹಿಂದಿನಿಂದ ಅವರ ಸೆರಗನ್ನು ಎಳೆದು ಹಿಡಿದಿದ್ದಳು. "ಬಂದ್ರೇನ್ರೀ?" ಎಂದು ಕೂಗಿದರು ಬೀಗಿತ್ತಿ. ಉತ್ತರ ಬರಲಿಲ್ಲ. "ಮನೇಲೂ ಇವರದು ಇದೇ ಪಾಡು ಕಣಮ್ಮ," ಎಂದು ಟೋಪಿಯವಳಿಗೆ ಹೇಳಿದರು, ಕಣ್ಣು ಮಾತ್ರ ನೀರಿನ ಮೇಲೇ. "ಊಟಕ್ಕೆ ಕರೆದ್ರೆ ಬಂದೆ ಅಂತಾರೆ, ಅನ್ನ ಆರಿ ಅಕ್ಷತೆಯಾದ್ರೂ ಅಂಗಡಿ ಬಿಟ್ಟು ಏಳಲ್ಲ. ಒಂದು ಸಲವಾದ್ರೂ ಅಂದ ಮೇಲೆ ಬಂದವರಲ್ಲ." ಮತ್ತೆ ಕೂಗಿದರು, "ಬಂದ್ರೇನ್ರೀ? ಮಾತಾಡ್ರೀ."

ಬೀಗರು ಮಾತಾಡಲಿಲ್ಲ. ಎದೆಯ ಮಟ್ಟದ ನೀರಿನಲ್ಲೂ ಆಡಲಿಲ್ಲ, ಸೊಂಟದ ಮಟ್ಟಕ್ಕೆ ಇಳಿದಾಗಲೂ ಆಡಲಿಲ್ಲ. ಹೆಂಡತಿ ಕೂಗುತ್ತಲೇ ಇದ್ದರು. ಅವರು ಸೀಟಿ ಅಕ್ಕನ ಮುಖ ನೋಡುತ್ತ, ತುಟಿ ಕಚ್ಚಿಕೊಂಡು, ಹೆಜ್ಜೆ ಹೆಜ್ಜೆ ಬಂದರು. ಕಾಲಿಗೆ ಗಟ್ಟಿ ನೆಲ ಸಿಕ್ಕಿತು. ಬೀಗಿತ್ತಿ ಕೈ ಚಾಚಿದರು. ಆ ಕೈಯನ್ನು ಹಿಡಿದುಕೊಂಡು, ಒಣ ಮರಳಿನ ಮೇಲೆ ಎರಡೂ ಪಾದ ಊರಿ ನಿಂತ ಮೇಲೆ, ಬೀಗರು ಮೆಲ್ಲಗೆ ಹೇಳಿದರು.

"ಬಂದೆ ಕಣೇ."